ಪ್ರವಾಹವು ಇಳಿದ ಮೇಲೆ ಮಕ್ಕಳನ್ನು ವಿಚಾರಿಸುವ ವಿಷಯವಾದ ಪಾಠ



ನಮ್ಮ ತೆಕ್ಕಲಕೋಟೆಯು ಎರಡು ನದಿಗಳ ನಡುವೆ ಇರುವ ಊರು. ಪಡುವಣ ದಿಕ್ಕಿನಲ್ಲಿ ತುಂಗಭದ್ರೆಯೂ ಮೂಡಣ ದಿಕ್ಕಿನಲ್ಲಿ ಹಗರಿ ಎಂದು ನಾವು ಕರೆಯುವ ವೇದಾವತಿಯೂ ಹರಿದು ಮುಂದೆ ಒಂದನ್ನೊಂದು ಕೂಡುತ್ತವೆ. ಸಿರುಗುಪ್ಪ ತಾಲೂಕಿನ ಬತ್ತದ ಗದ್ದೆಗಳಿಗೆ ಹಸುರನ್ನು ಕೊಟ್ಟದ್ದು ಈ ನೀರೇ. ವಿಜಯನಗರದ ಅರಸರ ಕಾಲದ ದೇಶನೂರು, ಸಿರುಗುಪ್ಪ ಕಾಲುವೆಗಳೂ, 1953ರಲ್ಲಿ ನೀರು ತುಂಬಿದ ತುಂಗಭದ್ರಾ ಜಲಾಶಯದ ಕಾಲುವೆಗಳೂ ಇದನ್ನೇ ಹೊಲಕ್ಕೆ ತಂದವು. ಆದರೆ ನಮ್ಮನ್ನು ಸಾಕುವ ನೀರು ಒಂದೊಂದು ವರುಷ ಅಳತೆ ಮೀರಿ ಬಂದು ಮನೆಗಳನ್ನು ಕೆಡವಿಹಾಕುವದುಂಟು. ಅಂಥಾ ಕಾಲದಲ್ಲಿ ದೊಡ್ಡವರು ಕಳೆದುಕೊಂಡದ್ದನ್ನು ಲೆಕ್ಕ ಮಾಡುವವರು ಅನೇಕರು ಬರುತ್ತಾರೆ. ಇಷ್ಟು ಎಕರೆ ಬತ್ತ, ಇಷ್ಟು ದನ, ಇಷ್ಟು ಗೋಡೆ ಎಂದು ಬರೆದುಕೊಂಡು ಹೋಗುತ್ತಾರೆ. ಮಕ್ಕಳು ಕಳೆದುಕೊಂಡದ್ದನ್ನು ಬರೆದುಕೊಳ್ಳುವದಕ್ಕೆ ಯಾವ ಪುಸ್ತಕದಲ್ಲಿಯೂ ಅಂಕಣವಿಲ್ಲ. ಆದದರಿಂದ ಈ ತಿಂಗಳಿನ ಪಾಠವನ್ನು ಆ ವಿಷಯವಾಗಿ ಬರೆಯುತ್ತೇವೆ. ತಾಯಿತಂದೆಗಳೂ ಉಪಾಧ್ಯಾಯರೂ ಊರಿನ ಹಿರಿಯರೂ ಇದನ್ನು ಕೂಡಿ ಓದಿ ಆಲೋಚಿಸಬೇಕೆಂಬದು ನಮ್ಮ ಅಪೇಕ್ಷೆ.

ಪಾಠದ ಸಾರವನ್ನು ಮೊದಲೇ ಹೇಳಿಬಿಡುವೆವು. ಬಿದ್ದ ಮನೆಯನ್ನು ಕಟ್ಟುವದಕ್ಕೆ ತಿಂಗಳುಗಳು ಹಿಡಿಯುವವು, ಕೆಲವು ಸಾರಿ ವರುಷಗಳೇ ಹಿಡಿಯುವವು. ಮಗುವಿನ ದಿನವನ್ನಾದರೋ ನಾಳೆಯಿಂದಲೇ ಕಟ್ಟಬಹುದು. ದಿನವು ಕೆಟ್ಟುಹೋದ ಮಗುವಿಗೆ ಹೊಸ ಮನೆಯಲ್ಲಿಯೂ ನಿದ್ರೆ ಬಾರದು.

1. ನಾವು ಕಂಡದ್ದು

2009ನೆಯ ಇಸವಿಯ ಮುಂಗಾರು ಮಳೆಯು ದೇಶದಲ್ಲೆಲ್ಲಾ ಬಹಳ ಕಡಿಮೆಯಾಗಿತ್ತು. ಜನರು ಮುಗಿಲನ್ನು ನೋಡಿ ನೋಡಿ ಬೇಸತ್ತು, ಊರೂರಿನಲ್ಲಿಯೂ ಮಳೆಗೋಸ್ಕರ ಬೇಡಿಕೊಳ್ಳುತ್ತಿದ್ದರು. ಹೀಗಿರಲಾಗಿ ಸೆಪ್ಟೆಂಬರ್ ತಿಂಗಳ ಕಡೇ ದಿನಗಳಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಉತ್ತರ ಕರ್ನಾಟಕದ ಮೇಲೆಯೂ ಆಂಧ್ರದ ನೆರೆಜಿಲ್ಲೆಗಳ ಮೇಲೆಯೂ ಎಡೆಬಿಡದೆ ಮಳೆ ಸುರಿಯಿತು. ಕೃಷ್ಣೆ, ಭೀಮೆ, ಮಲಪ್ರಭೆ, ತುಂಗಭದ್ರೆಗಳು ದಡ ಮೀರಿದವು. ಅಕ್ಟೋಬರ್ 2ನೆಯ ತಾರೀಖಿನಲ್ಲಿ ನಮ್ಮ ಕೆಳಗಣ ಮಂತ್ರಾಲಯದ ಮಠದೊಳಗೆ ತುಂಗಭದ್ರೆಯ ನೀರು ಹೊಕ್ಕಿತು. ಕರ್ನೂಲು ಪಟ್ಟಣವು ಮುಳುಗಿತು. ನಮ್ಮ ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಲಕ್ಷಗಟ್ಟಲೆ ಮನೆಗಳು ಬಿದ್ದವು ಇಲ್ಲವೆ ಬಿರಿದವು. ನದಿಯು ಮುಟ್ಟದ ಹಳ್ಳಿಗಳಲ್ಲಿಯೂ ಮನೆಗಳು ಬಿದ್ದದ್ದೇಕೆಂದರೆ, ಈ ಸೀಮೆಯ ಮಣ್ಣಿನ ಮಾಳಿಗೆ ಮನೆಗಳು ಬಿಸಿಲನ್ನು ತಾಳುವದಕ್ಕೆ ಕಟ್ಟಿದವುಗಳು. ನಾಲ್ಕಾರು ದಿನ ಬಿಡದೆ ಮಳೆ ಹಿಡಿದರೆ ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಗೋಡೆಯು ಬುಡದಲ್ಲಿ ಕರಗುತ್ತದೆ.

ಆಗ ನಾವು ಉಪದೇಶಿಯ ಕೆಲಸಕ್ಕೆ ಹೊಸಬರಾಗಿದ್ದೆವು. ಒಂದು ಶಾಲೆಯ ಕಟ್ಟಡದಲ್ಲಿ ಆಶ್ರಯ ಪಡೆದಿದ್ದ ಕುಟುಂಬಗಳಿಗೆ ಅಕ್ಕಿ, ಕಂಬಳಿ ಹಂಚುವವರ ಸಂಗಡ ಹೋಗಿದ್ದೆವು. ಅಲ್ಲಿ ಎಂಟು ವರುಷದ ಒಬ್ಬ ಹುಡುಗನು ಮೂರು ದಿನಗಳಿಂದ ಮಾತಾಡಿರಲಿಲ್ಲ. ಕೊಟ್ಟರೆ ಉಣ್ಣುವನು, ಇಲ್ಲದಿದ್ದರೆ ಕೇಳನು. ಅಜ್ಜಿಯ ಸೆರಗನ್ನು ಬಿಡನು. ಆ ಸಾಯಂಕಾಲ ಹಿರಿಯರ ಕೋರಿಕೆಯ ಮೇರೆಗೆ ನಾವು ಎದ್ದು ನಿಂತು, ಮನುಷ್ಯರ ತಪ್ಪುಗಳ ನಿಮಿತ್ತವೇ ಇಂಥಾ ದಂಡನೆಗಳು ಬರುವವೆಂದು ಬಹಳ ಹೊತ್ತು ಬೋಧಿಸಿದೆವು. ದೊಡ್ಡವರು ತಲೆ ತಗ್ಗಿಸಿ ಕೇಳಿದರು. ಮರುದಿನ ಬೆಳಿಗ್ಗೆ ಆ ಹುಡುಗನು ತಾನಾಗಿಯೇ ನಮ್ಮ ಬಳಿಗೆ ಬಂದು, “ಅಯ್ಯನವರೇ, ಬೇಡಿಕೊಂಡದ್ದನ್ನು ಹಿಂದಕ್ಕೆ ತಕ್ಕೊಳ್ಳಲಿಕ್ಕೆ ಬರುತ್ತದೋ?” ಎಂದು ಕೇಳಿದನು. ನಮಗೆ ಅರ್ಥವಾಗಲಿಲ್ಲ. ಅಜ್ಜಿಯು ಅವನನ್ನು ಸಮೀಪಕ್ಕೆ ಎಳೆದುಕೊಂಡು ಮೆಲ್ಲಗೆ ವಿಚಾರಿಸಿದಾಗ ಸಂಗತಿಯು ಹೊರಬಿತ್ತು. ದಸರೆಯ ರಜೆಯು ಮುಗಿಯದೆ ಇರಲಿ, ಶಾಲೆಯು ತೆರೆಯದೆ ಇರಲಿ ಎಂದು ಅವನು ಮನಸ್ಸಿನಲ್ಲಿ ಬೇಡಿಕೊಂಡಿದ್ದನಂತೆ. ಆಮೇಲೆ ಮಳೆ ಬಂತು, ಮನೆ ಬಿತ್ತು, ಅವನ ತಂಗಿಯು ಜ್ವರದಿಂದ ಆಸ್ಪತ್ರೆ ಸೇರಿದಳು. ಇದೆಲ್ಲಾ ತನ್ನಿಂದಲೇ ಆಯಿತೆಂದು ಅವನು ಮೂರು ದಿನ ಆ ಭಾರವನ್ನು ಒಬ್ಬನೇ ಹೊತ್ತಿದ್ದನು. ನಾವು ಆ ಸಾಯಂಕಾಲ ಮಾಡಿದ ಬೋಧನೆಯು ಅದರ ಮೇಲೆ ಇನ್ನೊಂದು ಕಲ್ಲನ್ನು ಇಟ್ಟಿತ್ತು.

ಪ್ರಿಯರೇ, ನಾವು ಸೆಮಿನರಿಯಲ್ಲಿ ಅನೇಕ ಗ್ರಂಥಗಳನ್ನು ಓದಿದವರು. ಆದರೂ ಮಕ್ಕಳ ವಿಷಯವಾದ ಮೊದಲನೆಯ ಪಾಠವನ್ನು ಆ ಹುಡುಗನಿಂದ ಕಲಿತೆವು. ಅದರ ಮೇಲೆಯೇ ಮುಂದಿನ ಮಾತುಗಳು ನಿಂತಿವೆ.

2. ವಯಸ್ಸಿಗೆ ತಕ್ಕ ಲಕ್ಷಣಗಳು

ಆಪತ್ತಿನ ನಂತರ ಮಗುವಿನ ನಡತೆಯು ಬದಲಾದರೆ ತಾಯಿತಂದೆಗಳು ಹೆದರುವದುಂಟು, ಇಲ್ಲವೆ ಸಿಟ್ಟಾಗುವದುಂಟು. ಎರಡೂ ಬೇಡ. ಯಾಕಂದರೆ ಆ ಬದಲಾವಣೆಗಳಲ್ಲಿ ಹೆಚ್ಚಿನವು ಭಯಪಟ್ಟ ಮನಸ್ಸಿನ ಸಹಜ ಗುರುತುಗಳು.

ಆರು ವರುಷದೊಳಗಿನ ಮಕ್ಕಳು ತಾಯಿಯನ್ನು ಬಿಟ್ಟು ಅಗಲಲಾರರು. ಬಿಟ್ಟುಹೋಗಿದ್ದ ಅಭ್ಯಾಸಗಳು, ಅಂದರೆ ಹಾಸಿಗೆಯಲ್ಲಿ ಮೂತ್ರ ಮಾಡುವದು, ಬೆರಳು ಚೀಪುವದು, ತೊದಲು ಮಾತು, ತಿರಿಗಿ ಬರುವವು. ಏಳರಿಂದ ಹನ್ನೆರಡು ವರುಷದ ಮಕ್ಕಳು ಹೊಟ್ಟೆ ನೋವು, ತಲೆ ನೋವು ಎಂದು ಹೇಳುವರು. ಮುಗಿಲು ಕಪ್ಪಾದರೆ ನಡುಗುವರು. ಆಟದಲ್ಲಿ ನೀರು ಬಂದದ್ದನ್ನೂ ಜನರು ಓಡಿದ್ದನ್ನೂ ಮತ್ತೆ ಮತ್ತೆ ಆಡಿ ತೋರಿಸುವರು. ನಾವು ಹೇಳಿದ ಹುಡುಗನ ಹಾಗೆ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುವವರೂ ಈ ವಯಸ್ಸಿನವರಲ್ಲಿ ಅನೇಕರು. ಹದಿಮೂರು ದಾಟಿದವರ ದುಃಖವು ಬೇರೆ ವಿಧವಾದದ್ದು. ಅವರು ಸುಮ್ಮನಿರುವರು, ಅಥವಾ ಕಾರಣವಿಲ್ಲದೆ ಸಿಡುಕುವರು. ಮನೆಯ ಭಾರವನ್ನು ಹೊರುವೆನೆಂದು ಶಾಲೆಯನ್ನು ಬಿಡುವರು. ಇಂಥಾ ಮಗನನ್ನು ನಾವು ಹೊಗಳಿ, ಬುದ್ಧಿವಂತನು, ಮನೆಗೆ ಆಧಾರವಾದನು ಎನ್ನುತ್ತೇವೆ. ಅವನ ನಿದ್ರೆಯನ್ನು ಯಾರೂ ವಿಚಾರಿಸುವದಿಲ್ಲ.

ಹಾಸಿಗೆ ಒದ್ದೆ ಮಾಡಿದ ಮಗುವನ್ನು ಎಲ್ಲರ ಮುಂದೆ ಹೀಯಾಳಿಸಕೂಡದು. ನೆರೆಯ ಆಟವನ್ನು ಆಡುವ ಮಕ್ಕಳನ್ನು ಗದರಿಸಿ ಓಡಿಸಕೂಡದು. ಆಟವು ಮಕ್ಕಳ ಭಾಷೆ. ಬಾಯಿಂದ ಹೇಳಲಾರದ್ದನ್ನು ಅವರು ಕೈಕಾಲುಗಳಿಂದ ಹೇಳುತ್ತಾರೆ. ಆಟದಲ್ಲಿ ಪ್ರತಿ ಸಾರಿಯೂ ಎಲ್ಲರೂ ಮುಳುಗಿಯೇ ಹೋಗುತ್ತಿದ್ದರೆ ಮಾತ್ರ ದೊಡ್ಡವರು ಬಳಿಗೆ ಕೂತು, “ಈ ಸಾರಿ ದೋಣಿಯವನು ಬಂದನು, ಯಾರನ್ನು ಮೊದಲು ಹತ್ತಿಸಿಕೊಳ್ಳೋಣ?” ಎಂದು ಕೇಳಬಹುದು.

3. ದಿನವನ್ನು ತಿರಿಗಿ ಕಟ್ಟುವದು

ಮೊದಲು ಶರೀರದ ಪರಾಂಬರಿಕೆ ಆಗಬೇಕು. ನೆರೆಯ ನಂತರ ಬಾವಿ, ಕೊಳವೆಬಾವಿಗಳ ನೀರು ಕೆಟ್ಟಿರುವದರಿಂದ ಕುದಿಸಿ ಆರಿಸಿದ ನೀರನ್ನೇ ಮಕ್ಕಳಿಗೆ ಕೊಡಬೇಕು. ಭೇದಿಯಾದರೆ ಒಂದು ಲೀಟರು ಶುದ್ಧ ನೀರಿಗೆ ಸಮಮಟ್ಟದ ಆರು ಚಹಾ ಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಕಲಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಾ, ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಬೇಕು. ಜನರು ಗುಂಪಾಗಿ ಇರುವ ಸ್ಥಳಗಳಲ್ಲಿ ದಡಾರವು ಬೇಗ ಹರಡುವದರಿಂದ ಚುಚ್ಚುಮದ್ದು ಆಗಿದೆಯೋ ಎಂದು ವಿಚಾರಿಸಬೇಕು. ಬಿದ್ದ ಗೋಡೆಗಳ ಸಂದುಗಳಲ್ಲಿ ಹಾವು ಚೇಳುಗಳು ಸೇರಿರುವವು. ಹರಿದು ಬಿದ್ದ ವಿದ್ಯುತ್ ತಂತಿಯು ಅವುಗಳಿಗಿಂತ ಅಪಾಯಕರ. ಮಕ್ಕಳನ್ನು ಅಲ್ಲಿಗೆ ಬಿಡಬಾರದು.

ಇದಾದ ಮೇಲೆ ದಿನದ ಕ್ರಮ. ಮಗುವಿನ ಲೋಕವು ಕ್ರಮದ ಮೇಲೆ ನಿಂತಿದೆ. ಬೆಳಿಗ್ಗೆ ಅವ್ವನು ಕಸ ಹೊಡೆದು ನೀರು ಚಿಮುಕಿಸುವ ಸಪ್ಪಳ, ರೊಟ್ಟಿ ತಟ್ಟುವ ಸಪ್ಪಳ, ಶಾಲೆಯ ಗಂಟೆ, ಸಂಜೆಯ ಆಟ, ದೀಪ ಹಚ್ಚುವ ಹೊತ್ತು, ಅಜ್ಜಿಯ ಕಥೆ: ಇವುಗಳಿಂದಲೇ ಮಗುವು ನಾಳೆಯೂ ಬರುವದೆಂದು ನಂಬುತ್ತದೆ. ನೆರೆಯು ಗೋಡೆಯ ಸಂಗಡ ಈ ನಂಬಿಕೆಯನ್ನೂ ಕೆಡವಿಹಾಕುತ್ತದೆ. ಹೀಗಿರುವದರಿಂದ ಆಶ್ರಯದ ಶಿಬಿರದಲ್ಲಿಯೂ, ತಗಡಿನ ಗುಡಿಸಲಿನಲ್ಲಿಯೂ, ಏಳುವ ಹೊತ್ತು, ತೊಳೆಯುವ ಹೊತ್ತು, ಉಣ್ಣುವ ಹೊತ್ತು, ಓದುವ ಹೊತ್ತು, ಆಡುವ ಹೊತ್ತು, ಮಲಗುವ ಹೊತ್ತು ಎಂಬಿವುಗಳನ್ನು ನಿಯಮಿಸಬೇಕು. ಇದಕ್ಕೆ ದುಡ್ಡು ಬೇಡ. ಇಬ್ಬರು ಮೂವರು ನಂಬಿಕಸ್ಥರಾದ ದೊಡ್ಡವರು ಬೇಕು. ದಿನಕ್ಕೊಬ್ಬರು ಬಂದು ಮಿಠಾಯಿ ಹಂಚಿ ಹೋಗುವದಕ್ಕಿಂತ ಒಬ್ಬರೇ ದಿನಾಲೂ ಅದೇ ಹೊತ್ತಿಗೆ ಬಂದು ಅರ್ಧ ತಾಸು ಕೂತಿರುವದು ಲೇಸು.

ಶಾಲೆಯನ್ನು ಬೇಗನೆ ತೆರೆಯಬೇಕು. ಕಟ್ಟಡದಲ್ಲಿ ಜನರು ಆಶ್ರಯ ಪಡೆದಿದ್ದರೆ ಮರದ ಕೆಳಗಾದರೂ, ಗುಡಿಯ ಇಲ್ಲವೆ ಸಭೆಯ ಜಗುಲಿಯ ಮೇಲಾದರೂ ಕೂಡಿಸಬೇಕು. ಮೊದಲಿನ ವಾರ ಪಾಠವು ಎಷ್ಟು ಸಾಗಿತೆಂಬದು ಮುಖ್ಯವಲ್ಲ. ಹಾಜರಿ ಕರೆದು ಪ್ರತಿ ಮಗುವಿನ ಹೆಸರನ್ನು ಗಟ್ಟಿಯಾಗಿ ಹೇಳುವದೇ ಒಂದು ಔಷಧ. ಹೆಸರು ಕರೆದಾಗ ಉತ್ತರ ಬಾರದಿದ್ದರೆ ಆ ಮಗುವು ಎಲ್ಲಿರುವದೆಂದು ಆ ದಿನವೇ ವಿಚಾರಿಸಬಹುದು. 2002ರಲ್ಲಿ ನಮ್ಮ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟವೂ ಶಾಲೆಯ ಸಂಗಡ ತಿರಿಗಿ ನಡೆಯುವದರಿಂದ, ಗಂಟೆಯು ಬಾರಿಸಿತೆಂದರೆ ಒಂದು ಊಟವೂ ನಿಶ್ಚಯವಾಯಿತೆಂದು ತಿಳಿಯಬೇಕು.

ಮಕ್ಕಳಿಗೆ ಸಣ್ಣ ಕೆಲಸಗಳನ್ನು ಕೊಡುವದೂ ಒಳ್ಳೇದು. ಚಾಪೆ ಹಾಸುವದು, ನೀರಿನ ಗಡಿಗೆಗೆ ಮುಚ್ಚಳ ಇಡುವದು, ಚಿಕ್ಕವರಿಗೆ ಅಕ್ಷರ ತೋರಿಸುವದು. ಆಪತ್ತಿನಲ್ಲಿ ಮಗುವು ತನ್ನ ಕೈಯಿಂದ ಏನೂ ಆಗಲಾರದೆಂದು ಕಂಡುಕೊಂಡಿದೆ. ಚಿಕ್ಕ ಕೆಲಸವು ಅದಕ್ಕೆ ಬೇರೆ ಸಾಕ್ಷಿಯನ್ನು ಕೊಡುತ್ತದೆ. ಆದರೆ ಕೆಲಸವು ಕೂಲಿಯಾಗಿ ಬದಲಾಗಬಾರದು.

4. ಸತ್ಯವನ್ನು ಹೇಳುವದು

ಮಕ್ಕಳು ಕೇಳಿದ್ದಕ್ಕೆ ನಿಜವಾದ ಉತ್ತರವನ್ನು ಅವರ ಅಳತೆಗೆ ತಕ್ಕಂತೆ ಹೇಳಬೇಕು. ಸತ್ತವರು ಊರಿಗೆ ಹೋಗಿದ್ದಾರೆಂದೂ ಮಲಗಿದ್ದಾರೆಂದೂ ಹೇಳಿದರೆ ಮಗುವು ದಾರಿ ಕಾಯುತ್ತದೆ, ಇಲ್ಲವೆ ಮಲಗುವದಕ್ಕೆ ಹೆದರುತ್ತದೆ. ಇನ್ನೆಂದಿಗೂ ನೆರೆ ಬಾರದೆಂದು ಮಾತು ಕೊಡುವದೂ ಸುಳ್ಳೇ. “ಮಳೆ ಮತ್ತೆ ಬಂದೀತು, ಬಂದರೆ ನಾವು ಎಲ್ಲಿಗೆ ಹೋಗಬೇಕೆಂದು ಈಗ ನಮಗೆ ಗೊತ್ತು, ನಿನ್ನನ್ನು ಬಿಟ್ಟು ಹೋಗುವದಿಲ್ಲ” ಎಂದು ಹೇಳುವದು ಸತ್ಯವೂ ಹೌದು, ಆದರಣೆಯೂ ಹೌದು.

ಆ ಹುಡುಗನಿಗೆ ನಾವು ಏನು ಮಾಡಿದೆವೆಂದರೆ, ಒಂದು ಕಡ್ಡಿಯನ್ನು ತಕ್ಕೊಂಡು ಶಾಲೆಯ ಅಂಗಳದ ಹಸಿಮಣ್ಣಿನಲ್ಲಿ ಸಮುದ್ರವನ್ನೂ ಮುಗಿಲನ್ನೂ ಬರೆದು, ಮುಗಿಲು ಹೇಗೆ ಬಂತು, ಹಳ್ಳಗಳು ಹೊಳೆಗೆ ಹೇಗೆ ಕೂಡಿದವು, ಹೊಳೆಯು ನದಿಗೆ ಹೇಗೆ ಸೇರಿತು ಎಂದು ತೋರಿಸಿದೆವು. ಅವನ ಊರನ್ನು ಒಂದು ಬೆಣಚುಕಲ್ಲಿನಿಂದ ಗುರುತು ಮಾಡಿದೆವು. “ಈ ಮುಗಿಲು ನೀನು ಬೇಡಿಕೊಳ್ಳುವದಕ್ಕೆ ಮೊದಲೇ ಸಮುದ್ರದ ಮೇಲೆ ಕೂಡಿತ್ತು, ನಿನ್ನ ಮಾತನ್ನು ಕೇಳಿ ಬಂದದ್ದಲ್ಲ” ಎಂದೆವು. ಅವನು ಬಹಳ ಹೊತ್ತು ನೋಡಿ, “ಊರವರೆಲ್ಲಾ ಮಳೆ ಬರಲಿ ಎಂದು ಬೇಡಿಕೊಂಡಿದ್ದರಲ್ಲಾ, ಅವರದೂ ತಪ್ಪಲ್ಲವೋ?” ಎಂದು ಕೇಳಿದನು. ಅವರದೂ ತಪ್ಪಲ್ಲವೆಂದು ಹೇಳಿ, ಹಿಂದಣ ಸಾಯಂಕಾಲ ನಾವು ಆಡಿದ ಮಾತು ಸರಿಯಾದದ್ದಲ್ಲವೆಂದು ಅವನ ಮುಂದೆ ಒಪ್ಪಿಕೊಂಡೆವು. ಅಂದಿನಿಂದ ನಾವು ಜಲಪ್ರಳಯದ ಕಥೆಯನ್ನು ನೆರೆಯಲ್ಲಿ ನೊಂದ ಮಕ್ಕಳಿಗೆ ದಂಡನೆಯ ಕಥೆಯಾಗಿ ಹೇಳಿಲ್ಲ. ಬೋಧಿಸುವವರೆಲ್ಲರೂ, ಯಾವ ಮತದವರಾದರೂ, ಇದನ್ನು ಜ್ಞಾಪಕದಲ್ಲಿಡಬೇಕು. ನಮ್ಮ ಮುಂದೆ ಕೂತವರಲ್ಲಿ ಚಿಕ್ಕವನೊಬ್ಬನು ಪ್ರತಿ ಮಾತನ್ನೂ ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಿರಬಹುದು.

ಕೇಳದೆ ಇದ್ದ ಮಗುವಿನಿಂದ ಸಂಗತಿಯನ್ನು ಬಲವಂತದಿಂದ ಹೊರಡಿಸುವದೂ ತಪ್ಪು. ಬಂದ ಬಂದ ಅತಿಥಿಗಳ ಮುಂದೆಯೂ, ಪತ್ರಿಕೆಯವರ ಕ್ಯಾಮರಾದ ಮುಂದೆಯೂ ನಿಲ್ಲಿಸಿ, ಅಪ್ಪನು ಹೇಗೆ ಕೊಚ್ಚಿಹೋದನೆಂದು ಹೇಳಿಸುವದು ಗಾಯವನ್ನು ಮತ್ತೆ ಮತ್ತೆ ಕೆರೆಯುವದಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಇತರರ ಸಂಗಡ ಕೂಡಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯು ಮೂರು ಕಾರ್ಯಗಳನ್ನು ಹೇಳುತ್ತದೆ: ನೋಡುವದು, ಕೇಳುವದು, ಬೇಕಾದ ಸಹಾಯಕ್ಕೆ ಕೂಡಿಸುವದು. ಕೆದಕುವದು ಅವುಗಳಲ್ಲಿ ಸೇರಿಲ್ಲ.

5. ಸ್ವಂತದವರಿಂದ ಅಗಲಿಸಬಾರದು

1876ರಿಂದ 1878ರ ವರೆಗಿನ ಮಹಾ ಬರವನ್ನು ನಮ್ಮ ಹಿರಿಯರು ಧಾತು ಈಶ್ವರ ಬರವೆಂದು ಕರೆಯುತ್ತಿದ್ದರು. ಮದರಾಸು ಪ್ರೆಸಿಡೆನ್ಸಿಯಲ್ಲಿ ಅತಿ ಹೆಚ್ಚಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆಗ ದಾರಿಯ ಬದಿಯಲ್ಲಿ ಬಿಡಲ್ಪಟ್ಟ ಮಕ್ಕಳನ್ನು ಮಿಶನುಗಳವರು ಅನಾಥಾಲಯಗಳಲ್ಲಿ ಸಾಕಿದರು. ಅವರು ಉಳಿಸಿದ ಪ್ರಾಣಗಳಿಗಾಗಿ ನಾವು ಕೃತಜ್ಞರು. ಆದರೂ ಅಂದು ಅನೇಕ ಮಕ್ಕಳು ಹಳೇ ಊರನ್ನೂ ಬಂಧುಗಳನ್ನೂ ಶಾಶ್ವತವಾಗಿ ಕಳೆದುಕೊಂಡರೆಂಬದನ್ನು ಮರೆಮಾಡಬಾರದು. ಈಗಿನ ತಿಳುವಳಿಕೆಯು ಏನಂದರೆ, ಮಗುವಿಗೆ ಎಲ್ಲಕ್ಕಿಂತ ಲೇಸಾದ ಆಶ್ರಯವು ತನ್ನನ್ನು ಬಲ್ಲವರ ಮನೆಯೇ. ತಾಯಿತಂದೆಗಳು ಇಲ್ಲದಿದ್ದರೆ ಅಜ್ಜಿ, ಚಿಕ್ಕವ್ವ, ಸೋದರಮಾವ. ಅವರೂ ಇಲ್ಲದಿದ್ದರೆ ಕಾನೂನಿನ ಮುಖಾಂತರ ನೇಮಿಸಲ್ಪಟ್ಟವರು. ಒಡಹುಟ್ಟಿದವರನ್ನು ಬೇರೆ ಬೇರೆ ಕಡೆಗೆ ಕಳುಹಿಸಕೂಡದು.

ಆಪತ್ತಿನ ಗಲಿಬಿಲಿಯಲ್ಲಿ ಅಪರಿಚಿತರು ಬಂದು, “ಈ ಮಗುವನ್ನು ಕೊಡಿರಿ, ಓದಿಸುತ್ತೇವೆ” ಎಂದು ಕೇಳುವದುಂಟು. ಒಳ್ಳೇ ಮನಸ್ಸಿನವರಾದರೂ ಹಾಗೆ ಕೊಡುವದು ಕಾನೂನಿಗೆ ವಿರುದ್ಧ. 2015ರ ಬಾಲ ನ್ಯಾಯ ಕಾಯಿದೆಯ ಪ್ರಕಾರ, ದಿಕ್ಕಿಲ್ಲದೆ ಸಿಕ್ಕ ಮಗುವನ್ನು 24 ತಾಸುಗಳೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರತಕ್ಕದ್ದು. 1098 ಎಂಬ ಮಕ್ಕಳ ಸಹಾಯವಾಣಿಗೆ ದುಡ್ಡಿಲ್ಲದೆ ಕರೆಮಾಡಬಹುದು. ಇನ್ನೊಂದು ಎಚ್ಚರಿಕೆಯನ್ನು ದುಃಖದಿಂದ ಬರೆಯುತ್ತೇವೆ. ಬೆಳೆ ಹೋದ ವರುಷ ಸಾಲವನ್ನು ತೀರಿಸುವದಕ್ಕೆ ಮಗನನ್ನು ದೂರದ ಕೆಲಸಕ್ಕೆ ಕಳುಹಿಸುವದೂ, ಒಂದು ಬಾಯಿ ಕಡಿಮೆಯಾಗಲೆಂದು ಮಗಳ ಮದುವೆಯನ್ನು ಆತುರದಿಂದ ಮಾಡುವದೂ ನಮ್ಮ ಸೀಮೆಯಲ್ಲಿ ಕಾಣದ ಸಂಗತಿಗಳಲ್ಲ. ಹದಿನೆಂಟು ತುಂಬದ ಹುಡುಗಿಯ ಮದುವೆಯನ್ನು 2006ರ ಕಾಯಿದೆಯು ನಿಷೇಧಿಸಿದೆ. ನದಿಯು ಇಳಿದುಹೋಗುತ್ತದೆ, ಆ ಮದುವೆಯಿಂದ ಹುಡುಗಿಯ ಜೀವಮಾನವೇ ಮುಳುಗುತ್ತದೆ.

6. ದುಃಖಕ್ಕೆ ಸ್ಥಳ ಕೊಡುವದು

ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963-64ರಲ್ಲಿ ಡಾಕ್ಟರ್ ಎಂ. ಎಸ್. ನಾಗರಾಜರಾಯರು ಅಗೆದು ನೋಡಿದಾಗ, ಮೂರುವರೆ ಸಾವಿರ ವರುಷಗಳಿಗೂ ಹಿಂದೆ ಇಲ್ಲಿ ವಾಸಿಸಿದ್ದ ನವಶಿಲಾಯುಗದ ಜನರ ನೆಲೆಗಳು ಸಿಕ್ಕಿದವು. ಆ ಜನರು ತಮ್ಮ ಸತ್ತ ಕೂಸುಗಳನ್ನು ಮಣ್ಣಿನ ಗಡಿಗೆಗಳಲ್ಲಿಟ್ಟು ಹೂಳಿದ್ದರು. ಅಕ್ಷರವನ್ನರಿಯದ ಆ ಕಾಲದಲ್ಲಿಯೂ ಒಂದು ಕೂಸಿನ ಮರಣವನ್ನು ಸುಮ್ಮನೆ ದಾಟಿಹೋಗಬಾರದೆಂದು ಈ ಬಂಡೆಗಳ ನಡುವೆ ಯಾರೋ ತಿಳಿದಿದ್ದರು.

ಆದದರಿಂದ ಸತ್ತವರಿಗಾಗಿ ಮಾಡತಕ್ಕ ಸಂಸ್ಕಾರಗಳನ್ನು ಅವಸರದಲ್ಲಿ ಮೊಟಕು ಮಾಡಬಾರದು. ಮಕ್ಕಳು ಬಯಸಿದರೆ ಅವರನ್ನೂ ನಂಬಿಕೆಯ ಒಬ್ಬರ ಕೈಹಿಡಿಸಿ ಅಲ್ಲಿ ನಿಲ್ಲಿಸಬೇಕು. ಗಂಡುಮಕ್ಕಳಿಗೆ ಅಳಬೇಡವೆಂದು ಹೇಳುವ ರೂಢಿಯನ್ನು ಬಿಡಬೇಕು. ಸತ್ತ ದನಕ್ಕಾಗಿ, ಕೊಚ್ಚಿಹೋದ ಪಾಟಿಚೀಲಕ್ಕಾಗಿ ಮಗುವು ಅತ್ತರೆ, “ಜನರೇ ಸತ್ತಿರುವಾಗ ಅದಕ್ಕೆ ಅಳುತ್ತೀಯಾ” ಎನ್ನಬಾರದು. ಮಗುವು ತನ್ನ ದೊಡ್ಡ ದುಃಖವನ್ನು ಅನೇಕ ಸಾರಿ ಚಿಕ್ಕ ವಸ್ತುವಿನ ಹೆಸರಿನಲ್ಲಿ ಅಳುತ್ತದೆ.

7. ಊರು ತಿರಿಗಿ ಊರಾಗುವದು

ಮಗುವು ದೊಡ್ಡವರ ಮುಖವನ್ನು ನೋಡಿ ಧೈರ್ಯವನ್ನಾಗಲಿ ಭಯವನ್ನಾಗಲಿ ಕಲಿಯುತ್ತದೆ. ಹೀಗಿರುವದರಿಂದ ತಾಯಿತಂದೆಗಳ ವಿಚಾರಣೆಯೂ ಮಕ್ಕಳ ವಿಚಾರಣೆಯೇ. ಸಾಲದ ಚಿಂತೆಯಿಂದ ಕುಡಿತಕ್ಕೆ ಬಿದ್ದ ತಂದೆಯನ್ನು ನಿಂದಿಸುವದಕ್ಕಿಂತ, ಅವನ ಸಂಗಡ ಕೂತು ಬೆಳೆ ವಿಮೆಯ, ಪರಿಹಾರದ ಅರ್ಜಿಗಳನ್ನು ಬರೆದುಕೊಡುವದು ಹೆಚ್ಚು ಪ್ರಯೋಜನ. ರಾತ್ರಿಯೆಲ್ಲಾ ನಿದ್ರೆಯಿಲ್ಲದ ತಾಯಿಯ ಕೂಸನ್ನು ನೆರೆಯಾಕೆಯು ಎರಡು ತಾಸು ಎತ್ತಿಕೊಂಡರೆ ಅದು ಯಾವ ಬೋಧನೆಗೂ ಕಡಿಮೆಯಲ್ಲ.

ಸಹಾಯವನ್ನು ಹಂಚುವಲ್ಲಿ ನ್ಯಾಯವಿರಬೇಕು. ಅನೇಕ ಊರುಗಳಲ್ಲಿ ಬಡವರ ಕೇರಿಯು ತಗ್ಗಿನಲ್ಲಿರುವದರಿಂದ ನೀರು ಮೊದಲು ಬರುವದೂ ಕಡೆಗೆ ಹೋಗುವದೂ ಅಲ್ಲಿಯೇ. ಆದರೆ ಪಟ್ಟಿ ಬರೆಯುವವರು ಊರ ಬಾಗಿಲಿನಿಂದ ಆರಂಭಿಸಿ, ಕೇರಿಯನ್ನು ಮುಟ್ಟುವಷ್ಟರಲ್ಲಿ ಹಾಳೆಯು ತುಂಬಿರುತ್ತದೆ. ತನ್ನ ತಂದೆಯು ಸಾಲಿನ ಕಡೆಗೆ ತಳ್ಳಲ್ಪಟ್ಟದ್ದನ್ನು ನೋಡಿದ ಮಗುವು ಅದನ್ನು ನೆರೆಗಿಂತ ಹೆಚ್ಚು ಕಾಲ ಜ್ಞಾಪಕದಲ್ಲಿಡುವದು. ಪಟ್ಟಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿ ಗೋಡೆಗೆ ಅಂಟಿಸಿದರೆ ಜಗಳಗಳು ಕಡಿಮೆಯಾಗುವವು.

2009ರ ನಂತರ ಸರಕಾರವು ದಾನಿಗಳ ಸಹಾಯದಿಂದ “ಆಸರೆ” ಎಂಬ ಹೆಸರಿನಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ಅನೇಕರಿಗೆ ಅದರಿಂದ ಭದ್ರವಾದ ಸೂರು ದೊರಕಿತು. ಆದರೆ ಕೆಲವು ಕಡೆಗಳಲ್ಲಿ ಜನರು ಹೋಗಿ ನೆಲಸಲಿಲ್ಲ. ಹೊಲವು ದೂರ, ದನ ಕಟ್ಟುವದಕ್ಕೆ ಸ್ಥಳವಿಲ್ಲ, ನೀರಿಲ್ಲ, ಕೂಡುಕುಟುಂಬಕ್ಕೆ ಕೋಣೆ ಸಾಲದು ಎಂದರು. ಇದರಿಂದ ಕಲಿಯತಕ್ಕದ್ದೇನಂದರೆ, ಗೋಡೆಗಳನ್ನು ಕೂಡಿಸಿದ ಮಾತ್ರಕ್ಕೆ ಊರಾಗುವದಿಲ್ಲ. ಹೊಸ ಸ್ಥಳವನ್ನು ಆರಿಸುವಾಗ ಹೆಂಗಸರನ್ನೂ ಕೇಳಬೇಕು. ಶಾಲೆ, ಅಂಗನವಾಡಿ, ಆಡುವ ಬಯಲು, ಕೂಡುವ ಕಟ್ಟೆ ಮೊದಲೇ ಇರಬೇಕು. ಹಳೇ ನೆರೆಮನೆಯವರು ಹೊಸ ಊರಿನಲ್ಲಿಯೂ ನೆರೆಯವರಾಗಿಯೇ ಇರಬೇಕು.

8. ಹೆಚ್ಚಿನ ಸಹಾಯವು ಯಾವಾಗ ಬೇಕು

ಪ್ರೀತಿಯೂ ಕ್ರಮವೂ ದೊರೆತರೆ ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುವರು. ಆದರೆ ಒಂದು ತಿಂಗಳು ಕಳೆದರೂ ದುಃಸ್ವಪ್ನಗಳು ನಿಲ್ಲದೆ, ಊಟ ನಿದ್ರೆ ಸರಿಹೋಗದೆ, ಮಾತು ಬಾರದೆ, ಆಟಕ್ಕೆ ಸೇರದೆ ಇದ್ದರೆ ವೈದ್ಯರಿಗೆ ತೋರಿಸಬೇಕು. ಸಾಯಬೇಕೆಂಬ ಮಾತನ್ನು ಮಗುವಾಗಲಿ ದೊಡ್ಡವರಾಗಲಿ ಆಡಿದರೆ ತಿಂಗಳನ್ನು ಕಾಯದೆ ಅಂದೇ ತೋರಿಸಬೇಕು, ಒಬ್ಬರನ್ನೇ ಬಿಡಬಾರದು. ಇದನ್ನು ಗಾಳಿ ಸೋಕಿತೆಂದು ಬಗೆದು ಕಟ್ಟಿಹಾಕುವದೂ ಹೊಡೆಯುವದೂ ಕ್ರೂರತನ.

ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಗೌರವವುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1985ರಿಂದ 1990ರ ವರೆಗೆ ಬಳ್ಳಾರಿ ಜಿಲ್ಲೆಯಲ್ಲಿಯೇ ಒಂದು ಪ್ರಯೋಗವನ್ನು ನಡೆಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ ಶಿಕ್ಷಣವನ್ನು ಕೊಟ್ಟರು. ಇಂಥಾ ಸಹಾಯವನ್ನು ದೂರದ ಪಟ್ಟಣಕ್ಕೆ ಹೋಗದೆ ಹಳ್ಳಿಯ ಸಮೀಪದಲ್ಲಿಯೇ ಕೊಡಬಹುದೆಂದು ಅದರಿಂದ ಸ್ಥಿರವಾಯಿತು. ಬಳ್ಳಾರಿ ಮಾದರಿ ಎಂದು ಹೆಸರಾದ ಆ ಕ್ರಮವನ್ನೇ ಅನುಸರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. 1999ರ ಒಡಿಶಾದ ಚಂಡಮಾರುತ, 2001ರ ಗುಜರಾತಿನ ಭೂಕಂಪ, 2004ರ ಸುನಾಮಿ ಇವುಗಳ ನಂತರವೂ ನಿಮ್ಹಾನ್ಸಿನವರು ಊರಿನ ಸಾಮಾನ್ಯ ಕಾರ್ಯಕರ್ತರಿಗೇ ಸಾಂತ್ವನದ ಕೆಲಸವನ್ನು ಕಲಿಸಿದರು. ಹೀಗೆ ನಮ್ಮ ಜಿಲ್ಲೆಯು ದೇಶಕ್ಕೆ ಕಲಿಸಿದ ಪಾಠವನ್ನು ನಾವೇ ಮರೆಯಬಾರದು. 2022ರಿಂದ 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಟೆಲಿ ಮಾನಸ್ ಎಂಬ ಸೇವೆಯವರು ಕನ್ನಡದಲ್ಲಿಯೇ ಮಾತಾಡಿ ಸಹಾಯ ಮಾಡುವರು.

9. ನೀರು ಬರುವದಕ್ಕೆ ಮೊದಲೇ

2024ನೆಯ ಇಸವಿ ಆಗಸ್ಟ್ 10ನೆಯ ತಾರೀಖಿನ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿಯು ಕಡಿದು, ಆ ಗೇಟು ಕೊಚ್ಚಿಹೋಯಿತು. ಒಂದು ವಾರದೊಳಗೆ ತಾತ್ಕಾಲಿಕ ಗೇಟಿನ ಭಾಗಗಳನ್ನು ಇಳಿಸಿ ನೀರನ್ನು ತಡೆದರು. ಆ ದಿನಗಳಲ್ಲಿ ನದೀತೀರದ ತಾಯಂದಿರು ರಾತ್ರಿಯೆಲ್ಲಾ ಎಚ್ಚರವಾಗಿದ್ದದ್ದನ್ನೂ, ಆ ತಳಮಳವನ್ನು ಮಕ್ಕಳು ಮಾತಿಲ್ಲದೆ ಗ್ರಹಿಸಿದ್ದನ್ನೂ ನಾವು ನೋಡಿದೆವು. ಭಯಕ್ಕೆ ಒಳ್ಳೇ ಮದ್ದು ಸಿದ್ಧತೆ. ಎತ್ತರವಾದ ಸ್ಥಳವು ಯಾವುದು, ಯಾವ ದಾರಿಯಿಂದ ಹೋಗಬೇಕು, ಮುದುಕರನ್ನೂ ಅಂಗವಿಕಲರನ್ನೂ ಯಾರು ಕರೆತರಬೇಕು ಎಂಬದನ್ನು ಮಳೆಗಾಲಕ್ಕೆ ಮೊದಲೇ ಊರಿನಲ್ಲಿ ನಿಶ್ಚಯಿಸಿ, ಒಂದು ಸಾರಿ ಮಕ್ಕಳ ಸಂಗಡ ನಡೆದು ನೋಡಬೇಕು. ಪ್ರತಿ ಮಗುವೂ ತನ್ನ ಪೂರಾ ಹೆಸರು, ತಾಯಿತಂದೆಗಳ ಹೆಸರು, ಊರು, ಒಂದು ದೂರವಾಣಿ ಸಂಖ್ಯೆ ಇವುಗಳನ್ನು ಬಾಯಿಪಾಠವಾಗಿ ಹೇಳುವಂತಿರಬೇಕು. ಪಡಿತರ ಚೀಟಿ, ಹೊಲದ ಪಹಣಿ, ಮಕ್ಕಳ ಚುಚ್ಚುಮದ್ದಿನ ಕಾರ್ಡುಗಳನ್ನು ನೀರು ತಾಕದ ಚೀಲದಲ್ಲಿ ಕಟ್ಟಿಡಬೇಕು. ಜಿಲ್ಲೆಯ ಆಪತ್ತಿನ ನಿಯಂತ್ರಣ ಕೊಠಡಿಯ 1077 ಎಂಬ ಸಂಖ್ಯೆಯನ್ನೂ, ತುರ್ತಿನ 112 ಎಂಬದನ್ನೂ ಶಾಲೆಯ ಗೋಡೆಯ ಮೇಲೆ ಬರೆಯಬೇಕು.

ಆ ಹುಡುಗನ ವಿಷಯವಾಗಿ ಕಡೇ ಮಾತು. ಶಾಲೆಯನ್ನು ಬೇವಿನ ಮರದ ಕೆಳಗೆ ಕೂಡಿಸಿದಾಗ, ಗಂಟೆಗೋಸ್ಕರ ತೂಗುಹಾಕಿದ್ದ ಕಂಬಿಯ ತುಂಡನ್ನು ಬಾರಿಸುವ ಕೆಲಸವನ್ನು ಉಪಾಧ್ಯಾಯರು ಅವನಿಗೇ ಕೊಟ್ಟರು. ಮೊದಲನೆಯ ದಿನ ಅವನು ಮೆಲ್ಲಗೆ ಒಂದೇ ಪೆಟ್ಟು ಬಾರಿಸಿ, ಏನಾದೀತೋ ಎಂದು ನಮ್ಮ ಮುಖವನ್ನು ನೋಡಿದನು. ಒಂದು ವಾರವಾಗುವಷ್ಟರಲ್ಲಿ, ಸಾಕು ನಿಲ್ಲಿಸೋ ಎಂದು ಅವನನ್ನು ಕೂಗಬೇಕಾಯಿತು. ಅವನ ತಂಗಿಯು ಆಸ್ಪತ್ರೆಯಿಂದ ವಾಸಿಯಾಗಿ ಬಂದಳು. ಅವರ ಮನೆಯ ಗೋಡೆ ಏಳುವದಕ್ಕೆ ಮಾತ್ರ ಮುಂದಿನ ಬೇಸಿಗೆಯ ವರೆಗೆ ಕಾಯಬೇಕಾಯಿತು.

ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

1. ನಮ್ಮ ಊರಿನಲ್ಲಿ ನೀರು ಮೊದಲು ಯಾವ ಓಣಿಗೆ ಬರುವದು? ಅಲ್ಲಿಯ ಮಕ್ಕಳ ಹೆಸರುಗಳು ನಮಗೆ ಗೊತ್ತಿವೆಯೋ?
2. ಮನೆಗಳು ಬಿದ್ದ ಮರುದಿನ ಬೆಳಿಗ್ಗೆ ಮಕ್ಕಳನ್ನು ಎಲ್ಲಿ ಕೂಡಿಸುವೆವು? ದಿನಾಲೂ ಬರುವ ಆ ಇಬ್ಬರು ಮೂವರು ಯಾರು?
3. “ಇದು ಯಾಕೆ ಆಯಿತು?” ಎಂದು ಮಗುವು ಕೇಳಿದರೆ ನಾವು ಹೇಳುವ ಉತ್ತರವು ಅದರ ಭಾರವನ್ನು ಇಳಿಸುವದೋ, ಹೆಚ್ಚಿಸುವದೋ?
4. ಕಳೆದ ಬರಗಾಲದ ಇಲ್ಲವೆ ನೆರೆಯ ನಂತರ ನಮ್ಮ ಊರಿನಲ್ಲಿ ಶಾಲೆಗೆ ತಿರಿಗಿ ಬಾರದ ಮಕ್ಕಳು ಯಾರಾದರೂ ಉಂಟೋ? ಅವರು ಈಗ ಎಲ್ಲಿದ್ದಾರೆ?

ನಾಲ್ಕನೆಯ ಪ್ರಶ್ನೆಗೆ ಉತ್ತರವು ತಿಳಿಯದಿದ್ದರೆ, ಈ ವಾರದಲ್ಲಿಯೇ ಆ ಮನೆಗಳಿಗೆ ಹೋಗಿ ವಿಚಾರಿಸಿ ಬರಬೇಕೆಂದು ಬೇಡಿಕೊಳ್ಳುತ್ತೇವೆ.